ಪುಷ್ಪಕ್ ಲಘು ವಿಮಾನ: ಬಟ್ಟೆ, ಮರ, ಉಕ್ಕು ಮತ್ತು ಮಲೆನಾಡಿನ ತೇವ

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿ ಹಾರಿದ ಪುಷ್ಪಕ್ ಎಂಬ ಎರಡು ಆಸನಗಳ ಲಘು ವಿಮಾನವನ್ನು ಇಂದು ಹಾರುವ ಸ್ಥಿತಿಯಲ್ಲಿ ಕಾಣುವುದು ಬಲು ಅಪರೂಪ. ಸುಮಾರು 150 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹಂಚಿಹೋಗಿದ್ದವು. ಒಂದು ತಲೆಮಾರಿನ ಪೈಲಟ್‌ಗಳು ಹಾರಾಟದ ಮೊದಲ ಪಾಠ ಕಲಿತದ್ದೇ ಅದರಲ್ಲಿ. ಬಟ್ಟೆ ಹೊದಿಸಿದ ಅಂಥ ಹಗುರ ಯಂತ್ರ ಅರವತ್ತು ವರ್ಷ ಬಾಳುವುದಾದರೂ ಹೇಗೆ, ಹಾಳಾದದ್ದು ಸಹಜವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಪುಷ್ಪಕ್ ಅಪರೂಪವಾದದ್ದು ಅದು ನಾಜೂಕಾಗಿತ್ತು ಎಂಬ ಕಾರಣಕ್ಕಲ್ಲ. ಕೆಲವು ವರ್ಷಗಳಿಗೊಮ್ಮೆ ಬಟ್ಟೆ ಬಿಚ್ಚಿ, ಒಳಗಿನ ಮರವನ್ನೂ ಉಕ್ಕನ್ನೂ ನೋಡಿ, ಕೆಟ್ಟದ್ದನ್ನು ತೆಗೆದು, ಮತ್ತೆ ಬಟ್ಟೆ ಹೊದಿಸಬೇಕೆಂಬ ಲೆಕ್ಕದಲ್ಲಿಯೇ ಅದನ್ನು ಕಟ್ಟಲಾಗಿತ್ತು. ಆ ಸರದಿ ಎಲ್ಲಿ ತಪ್ಪಿತೋ ಅಲ್ಲಿ ವಿಮಾನ ಕೆಟ್ಟಿತು. ಹಾಗಾಗಿ ಇಂಥ ವಿಮಾನದ ಜೀರ್ಣೋದ್ಧಾರವೆಂದರೆ ನಿಂತುಹೋದ ನಿರ್ವಹಣೆಯನ್ನು ಒಟ್ಟಿಗೆ, ಒಂದೇ ಸಲ ಮಾಡಿ ಮುಗಿಸುವ ಕೆಲಸ.

ಆ ಕೆಲಸವನ್ನು ಶಿವಮೊಗ್ಗದಂಥ ಊರಿನಲ್ಲಿ ಕೈಗೆತ್ತಿಕೊಂಡರೆ ಏನೇನು ಎದುರಾಗುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದಲ್ಲಿ ವಿಮಾನಗಳ ಬಗ್ಗೆ ಕುತೂಹಲ ಹೆಚ್ಚಿದೆ. ಅಲ್ಲಿನ 3 ಕಿ.ಮೀ.ಗೂ ಉದ್ದದ ರನ್‌ವೇಯ ಒಂದು ಸಣ್ಣ ತುಂಡು ಸಾಕು ಪುಷ್ಪಕ್ ಏರಿ ಇಳಿಯಲು. ಜಾಗದ ಕೊರತೆ ಇಲ್ಲ, ತೊಡಕಿರುವುದು ಹವೆಯಲ್ಲಿ.

ಮೊದಲು ಈ ವಿಮಾನದ ಹಿನ್ನೆಲೆ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರಪಡೆಗಳ ವಿಮಾನಗಳ ದುರಸ್ತಿಯಲ್ಲಿಯೇ ಬಹುಪಾಲು ಮುಳುಗಿತ್ತು. ಸ್ವಾತಂತ್ರ್ಯದ ನಂತರ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಅದು ಪೂರ್ತಿ ಲೋಹದ್ದು, ವಾಯುಪಡೆಯ ಅಗತ್ಯಕ್ಕೆ ತಕ್ಕದ್ದು. ಯುದ್ಧಕಾಲದಿಂದ ಉಳಿದ ಟೈಗರ್ ಮಾತ್‌ಗಳಲ್ಲಿ ಕಲಿಸುತ್ತಿದ್ದ ನಾಗರಿಕ ಕ್ಲಬ್ಬುಗಳಿಗೆ ಅದಕ್ಕಿಂತ ಅಗ್ಗದ, ಸರಳವಾದ, ಊರಿನ ಹ್ಯಾಂಗರಿನಲ್ಲಿಯೇ ರಿಪೇರಿ ಮಾಡಿಕೊಳ್ಳಬಹುದಾದ ವಿಮಾನ ಬೇಕಿತ್ತು. ಆ ಜಾಗ ತುಂಬಿದ್ದು ಪುಷ್ಪಕ್. ಅಮೆರಿಕದ ಏರೋಂಕಾ ಕಂಪನಿ ಯುದ್ಧಾನಂತರ ತಯಾರಿಸಿದ್ದ ಚೀಫ್ ವಿಮಾನದ ಮಾದರಿಯನ್ನು ಅದು ಬಹುಮಟ್ಟಿಗೆ ಅನುಸರಿಸುತ್ತದೆ. ಚೀಫ್‌ಗೆ 65 ಅಶ್ವಶಕ್ತಿಯ ಎಂಜಿನ್ ಇದ್ದರೆ ಪುಷ್ಪಕ್‌ಗೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಅಳವಡಿಸಿದರು. ಇದರ ಮರುವರ್ಷವೇ ಇದೇ ಚೌಕಟ್ಟನ್ನು ಹಿಗ್ಗಿಸಿ, ಇನ್ನೂ ಬಲವಾದ ಎಂಜಿನ್ ಕೂರಿಸಿ ಕೃಷಕ್ ಎಂಬ ವಿಮಾನವನ್ನು ಮಾಡಿದರು. ಅದು ಸೇನೆಯ ವೀಕ್ಷಣಾ ಕೆಲಸಕ್ಕೆ ಬಳಕೆಯಾಯಿತು. ಕಂಪನಿಯ ಹೆಸರು ಹಿಂದೂಸ್ತಾನ್ ಏರೋನಾಟಿಕ್ಸ್ ಎಂದಾದದ್ದು 1964ರಲ್ಲಿ, ಪುಷ್ಪಕ್ ಹುಟ್ಟಿ ಆರು ವರ್ಷಗಳ ನಂತರ.

ರೆಕ್ಕೆ ತಲೆಯ ಮೇಲ್ಭಾಗದಲ್ಲಿ, ಅದನ್ನು ಒಡಲಿಗೆ ಆತುಕೊಂಡಂತೆ ಹಿಡಿದಿರುವ ಓರೆ ಆನಿಕೆಗಳು, ಅಕ್ಕಪಕ್ಕ ಎರಡು ಆಸನ, ಮುಂದೆ ಎರಡು ಚಕ್ರ, ಬಾಲದ ತುದಿಯಲ್ಲೊಂದು ಪುಟ್ಟ ಚಕ್ರ. ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್, ವಿಮಾನದ ಉದ್ದ ಸುಮಾರು 6.4 ಮೀಟರ್. ಬರಿಯ ವಿಮಾನದ ತೂಕ 395 ಕಿಲೊ, ಜನ ಮತ್ತು ಇಂಧನ ಸೇರಿ ಹಾರಬಹುದಾದ ಗರಿಷ್ಠ ತೂಕ ಸುಮಾರು 612 ಕಿಲೊ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಬೇಕು. ಬಣ್ಣದ ಮಾತು ಬಂದಾಗ ಇವೇ ಕಟ್ಟುಹಾಕುತ್ತವೆ.

ಜೀರ್ಣೋದ್ಧಾರಕ್ಕೆ ಬಂದ ವಿಮಾನದ ಮೊದಲ ತನಿಖೆ ನಡೆಯಬೇಕಾದದ್ದು ಯಂತ್ರದ ಮೇಲಲ್ಲ, ಕಾಗದದ ಮೇಲೆ. ತಯಾರಿಕೆಯ ಸಂಖ್ಯೆ ಕೆತ್ತಿದ ತಗಡಿನ ಫಲಕ, ವಿಮಾನದ ಲಾಗ್ ಪುಸ್ತಕ, ಎಂಜಿನ್ನಿನ ಲಾಗ್ ಪುಸ್ತಕ, ನೋಂದಣಿ ದಾಖಲೆ ಇವು ಸಿಕ್ಕರೆ ಮಾತ್ರ ಅದು ಕಾನೂನಿನ ಕಣ್ಣಿಗೆ ಒಂದು ವಿಮಾನ. ಇಲ್ಲದಿದ್ದರೆ ವಿಮಾನದ ಬಿಡಿಭಾಗಗಳ ರಾಶಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಹಾರಾಟಯೋಗ್ಯತೆಯ ಪ್ರಮಾಣಪತ್ರ ಕೊಡುವಾಗ ನೋಡುವುದು ವಿಮಾನ ಎಷ್ಟು ಚೆಂದವಾಗಿದೆ ಎಂದಲ್ಲ, ಅದರ ಪ್ರತಿಯೊಂದು ಭಾಗವೂ ಅನುಮೋದಿತ ವಿನ್ಯಾಸಕ್ಕೆ ಸರಿಹೊಂದುತ್ತದೆಯೇ, ಅದಕ್ಕೆ ದಾಖಲೆ ಇದೆಯೇ ಎಂದು. ಶಿವಮೊಗ್ಗದ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಳ್ಳೆಯ ಬೋಲ್ಟು ವಿಮಾನದ ಬೋಲ್ಟಿನಷ್ಟೇ ಗಟ್ಟಿ ಇರಬಹುದು. ಆದರೆ ಅದು ಯಾವ ಉಕ್ಕಿನಿಂದ, ಯಾವ ಕಂತಿನಲ್ಲಿ, ಯಾರ ಪರೀಕ್ಷೆ ದಾಟಿ ಬಂತು ಎಂಬ ಕಾಗದ ಇಲ್ಲದ ಕಾರಣ ಅದನ್ನು ರೆಕ್ಕೆಯ ಆನಿಕೆಗೆ ಹಾಕುವಂತಿಲ್ಲ. ಇದನ್ನು ಅಧಿಕಾರಿಗಳ ಕಿರುಕುಳ ಎಂದು ಗೊಣಗುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಗಾಳಿಯಲ್ಲಿ ಬೋಲ್ಟು ತುಂಡಾದರೆ ಬದಿಗೆ ನಿಲ್ಲಿಸಲು ರಸ್ತೆ ಇರುವುದಿಲ್ಲ.

ಕಾಗದ ಸರಿ ಇದ್ದರೆ ಬಟ್ಟೆ ಬಿಚ್ಚುವ ಕೆಲಸ. ಹಳೆಯ ಬಟ್ಟೆಯನ್ನು ಹರಿದೆಸೆಯದೆ ದೊಡ್ಡ ತುಂಡುಗಳಾಗಿ ಕತ್ತರಿಸಿ ತೆಗೆದಿಡುವುದು ಒಳ್ಳೆಯದು: ಹೊಲಿಗೆಯ ಅಂತರ, ಪಟ್ಟಿಗಳ ಅಗಲ, ನೀರು ಬಸಿಯುವ ತೂತುಗಳ ಜಾಗ, ಮೂಲ ಬಣ್ಣ ಎಲ್ಲವೂ ಅದರಲ್ಲಿ ದಾಖಲಾಗಿರುತ್ತದೆ. ಒಳಗೆ ಕಾಣುವುದು ಮಲೆನಾಡಿನವರಿಗೆ ಪರಿಚಿತ ದೃಶ್ಯವೇ. ಇಲಿಗಳು ಗೂಡು ಮಾಡಿರುತ್ತವೆ, ಮತ್ತು ಇಲಿಯ ಮೂತ್ರ ರೆಕ್ಕೆಗೆ ಆಕಾರ ಕೊಡುವ ಅಲ್ಯೂಮಿನಿಯಂ ರಿಬ್ಬುಗಳನ್ನು ತಿಂದುಹಾಕಿರುತ್ತದೆ. ಕುಂಬಾರ ಹುಳುಗಳು ಬಸಿಗಾಲಿನ ತೂತುಗಳನ್ನೂ, ವೇಗ ಅಳೆಯುವ ಪೀಟೊ ಕೊಳವೆಯನ್ನೂ ಮಣ್ಣಿನಿಂದ ಮೆತ್ತಿರುತ್ತವೆ. ತೂತು ಮುಚ್ಚಿದ ಕಡೆ ನೀರು ನಿಲ್ಲುತ್ತದೆ. ನೀರು ನಿಂತ ಕಡೆಯಿಂದಲೇ ಉಳಿದೆಲ್ಲ ಕಥೆ ಶುರುವಾಗುತ್ತದೆ.

ಪುಷ್ಪಕ್‌ನ ಒಡಲು ತೆಳ್ಳನೆಯ ಉಕ್ಕಿನ ಕೊಳವೆಗಳನ್ನು ವೆಲ್ಡ್ ಮಾಡಿ ಕಟ್ಟಿದ ಚೌಕಟ್ಟು. ಇಂಥ ಕೊಳವೆಗಳ ಗೋಡೆ ಅನೇಕ ಕಡೆ 1 ಮಿ.ಮೀ. ದಪ್ಪವೂ ಇರುವುದಿಲ್ಲ. ಹೊರಗಿನ ತುಕ್ಕು ಕಣ್ಣಿಗೆ ಬೀಳುತ್ತದೆ, ಉಜ್ಜಿ ಬಣ್ಣ ಬಳಿಯಬಹುದು. ಒಳಗಿನ ತುಕ್ಕು ಕಾಣುವುದಿಲ್ಲ, ಅಪಾಯ ಅದರಲ್ಲಿಯೇ ಇದೆ. ಬಾಲದ ಚಕ್ರದ ವಿಮಾನ ನೆಲದ ಮೇಲೆ ಮೂಗೆತ್ತಿ ಕುಳಿತಿರುವುದರಿಂದ ಒಡಲೊಳಗೆ ಸೇರಿದ ನೀರೆಲ್ಲ ಹಿಂದಕ್ಕೆ ಹರಿದು ಬಾಲದ ಬುಡದಲ್ಲಿ, ಕೆಳಗಿನ ಉದ್ದ ಕೊಳವೆಗಳ ಕೊನೆಯಲ್ಲಿ ನಿಲ್ಲುತ್ತದೆ. ಪರೀಕ್ಷಿಸುವವರು ಮೊದಲು ಅಲ್ಲಿಯೇ ಚೂಪು ಮೊಳೆಯಿಂದ ಒತ್ತಿ ನೋಡುತ್ತಾರೆ. ಈಗ ಅಲ್ಟ್ರಾಸೌಂಡ್ ಉಪಕರಣದಿಂದ ಗೋಡೆಯ ದಪ್ಪವನ್ನು ಕೂಡ ಅಳೆಯಬಹುದು. ಕೊರೆದುಹೋದ ತುಂಡನ್ನು ಕತ್ತರಿಸಿ ತೆಗೆದು ಹೊಸ ಕೊಳವೆ ಸೇರಿಸುವಾಗ ಎರಡರ ತುದಿಗಳನ್ನು ನೇರವಾಗಿ ತಾಗಿಸಿ ಬೆಸೆಯುವಂತಿಲ್ಲ. ಓರೆಯಾಗಿ ಅಥವಾ ಮೀನಿನ ಬಾಯಿಯ ಆಕಾರದಲ್ಲಿ ಕತ್ತರಿಸಿ, ಒಳಗೊಂದು ಚಿಕ್ಕ ಕೊಳವೆ ತೂರಿಸಿ ಬೆಸೆಯಬೇಕು, ಆಗ ವೆಲ್ಡಿಂಗಿನ ಬಿಸಿಗೆ ದುರ್ಬಲವಾದ ಭಾಗ ಒಂದೇ ಗೆರೆಯಲ್ಲಿ ಬೀಳದೆ ಹಂಚಿಹೋಗುತ್ತದೆ. ಕೊನೆಗೆ ಕೊಳವೆಯೊಳಗೆ ಅಗಸೆ ಎಣ್ಣೆ ಹುಯ್ದು, ಅಲುಗಾಡಿಸಿ, ಬಸಿದು, ತೂತು ಮುಚ್ಚುವುದು ಹಳೆಯ ರೂಢಿ. ಅದು ಇಂದಿಗೂ ನಡೆಯುತ್ತದೆ.

ಈ ಕೆಲಸಕ್ಕೆ ಬೇಕಾದ ಕೈಗಳು ಶಿವಮೊಗ್ಗದಲ್ಲಿ ಇಲ್ಲವೆಂದಲ್ಲ. ಎಂಜಿನ್ನಿನ ಮೇಲಿನ ತಗಡಿನ ಮುಚ್ಚಳವನ್ನು ಬಡಿದು ಹದಕ್ಕೆ ತರುವಂಥ ಟಿಂಕರಿಂಗ್ ಕುಶಲತೆ ಇಲ್ಲಿಯ ಗ್ಯಾರೇಜುಗಳಲ್ಲಿದೆ, ಬಟ್ಟೆ ಹೊಲಿಯುವವರಿದ್ದಾರೆ, ಮರದ ಕೆಲಸದವರಂತೂ ಸರಿಯೇ. ಆದರೆ ಅವರ ಕೆಲಸವನ್ನು ಪರವಾನಗಿ ಪಡೆದ ವಿಮಾನ ನಿರ್ವಹಣಾ ಎಂಜಿನಿಯರ್ ಹಂತಹಂತಕ್ಕೂ ನೋಡಿ ಸಹಿ ಮಾಡಬೇಕು, ಮತ್ತು ವಿಮಾನದ ಚೌಕಟ್ಟಿಗೆ ವೆಲ್ಡ್ ಹಾಕುವವರು ಅದಕ್ಕಾಗಿಯೇ ಪರೀಕ್ಷೆ ದಾಟಿದವರಾಗಿರಬೇಕು.

ರೆಕ್ಕೆ ಬೇರೆಯೇ ಜಗತ್ತು. ಏರೋಂಕಾ ಚೀಫ್ ವಂಶದ ರೆಕ್ಕೆಯಲ್ಲಿ ಬುಡದಿಂದ ತುದಿಗೆ ಹಾಯುವ ಎರಡು ಮರದ ತೊಲೆಗಳಿರುತ್ತವೆ, ಅವೇ ಸ್ಪಾರ್‌ಗಳು. ಅವುಗಳಿಗೆ ಅಡ್ಡವಾಗಿ ಹಗುರ ಲೋಹದ ರಿಬ್ಬುಗಳನ್ನು ಮೊಳೆ ಹೊಡೆದು ಕೂರಿಸಿ, ರೆಕ್ಕೆಗೆ ಉಬ್ಬಿದ ಆಕಾರ ಕೊಡುತ್ತಾರೆ. ಹಾರುವಾಗ ವಿಮಾನದ ಭಾರವನ್ನೆಲ್ಲ ಹೊರುವುದು ಈ ತೊಲೆಗಳು. ತೇಗ, ಹೊನ್ನೆ, ಬೀಟೆ ಬೆಳೆಯುವ ನಾಡಿನಲ್ಲಿ ಮರಕ್ಕೇನು ಬರ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ವಿಮಾನದ ಸ್ಪಾರ್‌ಗೆ ವಾಡಿಕೆಯಾಗಿ ಬಳಸುವುದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್. ಅದರ ಸಾಂದ್ರತೆ ಘನ ಮೀಟರಿಗೆ ಸುಮಾರು 400 ಕಿಲೊ, ತೇಗದ್ದು ಸುಮಾರು 650. ತೇಗ ಹೆಚ್ಚು ಬಾಳಿಕೆಯ ಮರ, ಗೆದ್ದಲಿಗೂ ಜಗ್ಗದು. ಆದರೆ ಒಂದು ಕಿಲೊ ತೂಕಕ್ಕೆ ಸಿಗುವ ಬಿಗಿತದ ಲೆಕ್ಕದಲ್ಲಿ ಅದು ಸ್ಪ್ರೂಸ್‌ಗೆ ಹಿಂದೆ ಬೀಳುತ್ತದೆ. ಜೊತೆಗೆ ತೇಗದಲ್ಲಿರುವ ಎಣ್ಣೆಯ ಅಂಶದಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮನೆಯ ತೊಲೆಗೆ ತೂಕ ಲೆಕ್ಕಕ್ಕಿಲ್ಲ, ರೆಕ್ಕೆಯ ತೊಲೆಗೆ ತೂಕವೇ ಮೊದಲ ಲೆಕ್ಕ.

ಸ್ಪ್ರೂಸ್ ಆದರೂ ಸಿಕ್ಕಿದ್ದೆಲ್ಲ ಆಗದು. ಎಳೆ ನೇರವಾಗಿರಬೇಕು. 15 ಅಂಗುಲ ಉದ್ದದಲ್ಲಿ ಎಳೆ 1 ಅಂಗುಲಕ್ಕಿಂತ ಹೆಚ್ಚು ಓರೆಯಾದರೆ ಆ ಹಲಗೆಯನ್ನು ಬದಿಗಿಡುತ್ತಾರೆ. ಹಳೆಯ ಸ್ಪಾರ್ ಉಳಿಸಿಕೊಳ್ಳಬಹುದೇ ಎಂದು ತೀರ್ಮಾನಿಸುವುದು ಇಡೀ ಕೆಲಸದ ಅತ್ಯಂತ ಕಷ್ಟದ ಘಟ್ಟ. ಅದನ್ನು ಬೆಂಚಿನ ಮೇಲೆ ಮಲಗಿಸಿ, ವಾರ್ನಿಷ್ ತೆಗೆದು, ಕೋಣೆಯ ದೀಪ ಆರಿಸಿ, ಟಾರ್ಚನ್ನು ಮರದ ಮೈಗೆ ಬಹುತೇಕ ತಾಗಿಸಿ ಓರೆಯಾಗಿ ಬೆಳಕು ಬಿಡುತ್ತಾರೆ. ಒಣಗಿ ಸೀಳಿದ ಬಿರುಕು ಎಳೆಯ ಗುಂಟ ಹೋಗುತ್ತದೆ, ಅದು ಬೇಗ ಕಾಣುತ್ತದೆ. ಹುಡುಕಬೇಕಾದದ್ದು ಎಳೆಗೆ ಅಡ್ಡವಾಗಿ, ಕೂದಲಿಗಿಂತ ಸಣ್ಣಗೆ, ಅಂಕುಡೊಂಕಾಗಿ ಸಾಗುವ ಗೆರೆಯನ್ನು. ರೆಕ್ಕೆಯ ತುದಿ ಎಂದೋ ನೆಲಕ್ಕೆ ತಾಗಿದಾಗಲೋ, ಒರಟಾಗಿ ಇಳಿದಾಗಲೋ ಮರದ ನಾರುಗಳು ಒತ್ತಿ ಮಡಿಸಿಹೋದ ಗುರುತು ಅದು. ಒತ್ತಡದ ಈ ಬಿರುಕು ಇದ್ದ ಸ್ಪಾರ್ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಭಾರ ಬಿದ್ದಾಗ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಆನಿಕೆ ಸೇರುವ ಜಾಗದಲ್ಲಿ, ಅಲ್ಲಿ ಬಲಕ್ಕೆಂದು ಅಂಟಿಸಿದ ಪ್ಲೈವುಡ್ ತುಂಡಿನ ಅಂಚಿನಲ್ಲಿ, ಮತ್ತು ರಿಬ್ಬಿನ ಮೊಳೆಗಳ ಸುತ್ತ. ಅಮೆರಿಕದಲ್ಲಿ ಇದೇ ಮನೆತನದ ಚಾಂಪಿಯನ್ ವಿಮಾನಗಳ ಮರದ ಸ್ಪಾರ್‌ಗಳನ್ನು ಹೀಗೆ ಪರೀಕ್ಷಿಸುವುದನ್ನು 2000ದ ಸುಮಾರಿಗೆ ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ. ಅಂಥ ಗೆರೆ ಒಂದೇ ಒಂದು ಸಿಕ್ಕರೂ ಆ ಸ್ಪಾರ್ ಹಾರಾಟಕ್ಕೆ ಮುಗಿಯಿತು. ಅದನ್ನು ಒಲೆಗೆ ಹಾಕಬಾರದು, ಚೀಟಿ ಅಂಟಿಸಿ ಇಟ್ಟುಕೊಳ್ಳಬೇಕು. ಹೊಸ ಸ್ಪಾರ್ ಕೊರೆಯುವಾಗ ತೂತುಗಳ ಸ್ಥಾನಕ್ಕೆ ಅದೇ ಅಳತೆಗೋಲು.

ಈಗ ಮಲೆನಾಡಿನ ಹವೆಯ ವಿಷಯ. ಮರ ಸುತ್ತಲಿನ ಗಾಳಿಯ ತೇವವನ್ನು ಹೀರಿ ಬಿಡುತ್ತಲೇ ಇರುತ್ತದೆ. ಆಷಾಢದಲ್ಲಿ ಬಿಗಿಯಾಗಿ ಹಾಕಲಾಗದ ಬಾಗಿಲು ಶಿವರಾತ್ರಿಯ ಹೊತ್ತಿಗೆ ಸಡಿಲವಾಗಿ ಕಿರುಗುಟ್ಟುವುದನ್ನು ನೋಡದ ಮನೆ ಇಲ್ಲಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ 65% ಇದ್ದಾಗ ಮರದೊಳಗಿನ ತೇವ ಸುಮಾರು 12%ಕ್ಕೆ ನಿಲ್ಲುತ್ತದೆ. ವಿಮಾನದ ಮರಕ್ಕೆ 8ರಿಂದ 12% ಒಳ್ಳೆಯದೆಂಬುದು ಸಾಮಾನ್ಯ ನಿಯಮ. ಆರ್ದ್ರತೆ 90%ಕ್ಕೆ ಏರಿ ವಾರಗಟ್ಟಲೆ ಹಾಗೆಯೇ ನಿಂತರೆ ಮರದ ತೇವ 20%ದ ಹತ್ತಿರ ಹೋಗುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿಂದ ಮುಂದೆ ಹಬ್ಬ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆ ಇದು ಮೂರು ನಾಲ್ಕು ತಿಂಗಳ ಸ್ಥಿತಿ. ಶಿವಮೊಗ್ಗ ನಗರ ಮಲೆನಾಡಿನ ಹೆಬ್ಬಾಗಿಲಲ್ಲಿ, ಬಯಲಿನ ಅಂಚಿನಲ್ಲಿ ಇರುವುದರಿಂದ ಮಳೆ ಅದರ ಸಣ್ಣದೊಂದು ಪಾಲು ಮಾತ್ರ. ಹಾಗಾಗಿ ಕಾರ್ಯಾಗಾರಕ್ಕೆ ತೀರ್ಥಹಳ್ಳಿ, ಹೊಸನಗರಗಳಿಗಿಂತ ನಗರದ ಪೂರ್ವ ಮಗ್ಗುಲೇ ಮೇಲು.

ಹಳೆಯ ಅಂಟುಗಳ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ಎರಡನೆಯ ಮಹಾಯುದ್ಧದವರೆಗೆ ವಿಮಾನದ ಮರಗೆಲಸದಲ್ಲಿ ವ್ಯಾಪಕವಾಗಿ ಬಳಸುತ್ತಿದ್ದದ್ದು ಕೇಸೀನ್, ಅಂದರೆ ಹಾಲಿನ ಪ್ರೋಟೀನಿನಿಂದ ಮಾಡಿದ ಅಂಟು. ಒಣ ಹವೆಯಲ್ಲಿ ಅದು ಗಟ್ಟಿಯೇ. ತೇವದಲ್ಲಿ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. 1940ರ ದಶಕದಲ್ಲಿ ಬಂದ ರಿಸಾರ್ಸಿನಾಲ್ ಅಂಟು ನೀರಿಗೆ ಜಗ್ಗುವುದಿಲ್ಲ, ಆದರೆ ಸಂದು ತೀರ ಬಿಗಿಯಾಗಿ ಕೂರಬೇಕು, ಒತ್ತಿ ಹಿಡಿಯಬೇಕು, ಕೋಣೆ ಬೆಚ್ಚಗಿರಬೇಕು. ಈಗಿನ ಎಪಾಕ್ಸಿ ಅಂಟುಗಳು ಸಣ್ಣ ಸಂದನ್ನು ತುಂಬಿಕೊಳ್ಳಬಲ್ಲವು. ಯಾವುದನ್ನೇ ಬಳಸಿದರೂ, ಮಳೆಗಾಲದ ತೇವದಲ್ಲಿ ಉಬ್ಬಿದ ಮರಕ್ಕೆ ಅಂಟು ಹಾಕಿದರೆ ಬೇಸಿಗೆಯಲ್ಲಿ ಮರ ಕುಗ್ಗಿ ಸಂದಿನ ಮೇಲೆ ಎಳೆತ ಬೀಳುತ್ತದೆ.

ಬಟ್ಟೆಯ ಮೇಲೆ ಬಳಿಯುವ ಡೋಪ್ ಇನ್ನೂ ಸೂಕ್ಷ್ಮ. ಡೋಪ್ ಎಂದರೆ ಸೆಲ್ಯುಲೋಸಿನ ಸಂಯುಕ್ತವನ್ನು ದ್ರಾವಕದಲ್ಲಿ ಕರಗಿಸಿ ಮಾಡಿದ ಲೇಪ. ಅದು ಒಣಗುತ್ತ ಬಟ್ಟೆಯನ್ನು ಬಿಗಿಗೊಳಿಸುತ್ತದೆ, ಗಾಳಿ ನೀರು ತೂರದಂತೆ ಮುಚ್ಚುತ್ತದೆ. ದ್ರಾವಕ ಆವಿಯಾಗುವಾಗ ಲೇಪದ ಮೈ ತಣ್ಣಗಾಗುತ್ತದೆ; ಗಾಳಿ ತೇವವಾಗಿದ್ದರೆ ಆ ತಂಪಿಗೆ ನೀರಿನ ಹನಿ ಕೂತು, ಸೆಲ್ಯುಲೋಸ್ ಬೇರ್ಪಟ್ಟು, ಮೇಲ್ಮೈ ಅಲ್ಲಲ್ಲಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಕಡೆ ಲೇಪಕ್ಕೆ ಬಲವಿಲ್ಲ, ಬಿಗಿತವೂ ಇಲ್ಲ. ಈ ಕಾರಣದಿಂದ ಮಲೆನಾಡಿನಲ್ಲಿ ಕೆಲಸದ ಪಂಚಾಂಗವನ್ನು ಮಳೆಯೇ ಬರೆಯುತ್ತದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂಜಿನ್ ಬಿಚ್ಚುವುದು, ಉಪಕರಣಗಳ ಮಾಪನ, ಕಾಗದಪತ್ರ; ಅಂಟು, ಬಟ್ಟೆ, ಡೋಪ್ ಎಲ್ಲ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ತೇವ ಹೀರುವ ಯಂತ್ರ ಇಟ್ಟು ಕೋಣೆಯನ್ನು ಮುಚ್ಚಿದರೆ ಮಳೆಗಾಲದಲ್ಲಿಯೂ ಮಾಡಬಹುದು, ಆದರೆ ಕರೆಂಟು ಹೋದ ರಾತ್ರಿ ಏನಾಗುತ್ತದೆ ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಿಲ್ಲ.

ಮೂಲದಲ್ಲಿ ಇಂಥ ವಿಮಾನಗಳಿಗೆ ಹೊದಿಸುತ್ತಿದ್ದದ್ದು ಹತ್ತಿಯ ಇಲ್ಲವೇ ಲಿನನ್ ಬಟ್ಟೆ. ಅಮೆರಿಕದ ಗ್ರೇಡ್-ಎ ಹತ್ತಿಬಟ್ಟೆಯ ನಿಯಮದ ಪ್ರಕಾರ 1 ಅಂಗುಲ ಅಗಲದ ಹೊಸ ಪಟ್ಟಿ 80 ಪೌಂಡ್ ಎಳೆತ ತಾಳಬೇಕು, ಹಳತಾಗಿ 56 ಪೌಂಡಿಗಿಂತ ಕೆಳಗಿಳಿದರೆ ಬಟ್ಟೆ ಬದಲಿಸಲೇಬೇಕು. ಬಿಸಿಲಿನ ಅತಿನೇರಳೆ ಕಿರಣ ಬಟ್ಟೆಯನ್ನು ಕೊಲ್ಲುತ್ತದೆ. ಅದನ್ನು ತಡೆಯಲೆಂದೇ ಬಣ್ಣದ ಕೆಳಗೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿಯ ಲೇಪ ಕೊಡುತ್ತಾರೆ. ಇಂದು ಜಗತ್ತಿನಾದ್ಯಂತ ಹೆಚ್ಚಿನವರು ಹೊದಿಸುವುದು ಪಾಲಿಯೆಸ್ಟರ್ ಬಟ್ಟೆ. ಅದು ಕೊಳೆಯುವುದಿಲ್ಲ, ಡೋಪಿನ ಬದಲು ಇಸ್ತ್ರಿಪೆಟ್ಟಿಗೆಯ ಬಿಸಿಗೆ ಬಿಗಿಯಾಗುತ್ತದೆ: ಮೊದಲು ಸುಮಾರು 120 ಡಿಗ್ರಿ ಸೆಲ್ಸಿಯಸ್, ಕೊನೆಗೆ ಸುಮಾರು 175. ಅದನ್ನು ಮೀರಿದರೆ ಬಟ್ಟೆ ಸಡಿಲವಾಗಿ ಕೆಡುತ್ತದೆ, ಹಾಗಾಗಿ ಇಸ್ತ್ರಿಪೆಟ್ಟಿಗೆಯ ಗುಂಡಿಯ ಮೇಲಿನ ಗುರುತನ್ನು ನಂಬದೆ ಥರ್ಮಾಮೀಟರ್ ಹಿಡಿದು ಗುರುತು ಹಾಕಿಕೊಳ್ಳಬೇಕು. ಹಳೆಯ ವಿಮಾನಕ್ಕೆ ಪಾಲಿಯೆಸ್ಟರ್ ಹೊದಿಸಿದರೆ ಅದು ಮೂಲದಂತೆ ಉಳಿಯಿತೇ ಎಂಬ ತಕರಾರು ಇದೆ. ಬಟ್ಟೆ ಈ ವಿಮಾನದಲ್ಲಿ ಎಂದೂ ಶಾಶ್ವತ ಭಾಗವಾಗಿರಲಿಲ್ಲ, ಕ್ಲಬ್ಬುಗಳಲ್ಲಿದ್ದ ಕಾಲದಲ್ಲಿಯೂ ಅದು ಬದಲಾಗುತ್ತಲೇ ಇತ್ತು. ಅನುಮೋದನೆ ಇರುವವರೆಗೆ ಆ ತಕರಾರಿಗೆ ಬಲವಿಲ್ಲವೆಂದೇ ನನ್ನ ಅಭಿಪ್ರಾಯ. ತೇವದ ನಾಡಿನಲ್ಲಂತೂ ಹತ್ತಿಯ ಹಟ ಬೇಡ.

ಹೊದಿಸುವ ಒಂದು ವಿಧಾನದಲ್ಲಿ ರೆಕ್ಕೆಯ ಅಳತೆಗೆ ಬಟ್ಟೆಯನ್ನು ಮೊದಲೇ ಹೊಲಿದು, ದಿಂಬಿಗೆ ಗವಸು ಹಾಕಿದಂತೆ ತುದಿಯಿಂದ ಎಳೆದು ತೊಡಿಸುತ್ತಾರೆ. ಅಷ್ಟಕ್ಕೇ ಬಿಟ್ಟರೆ ಹಾರುವಾಗ ರೆಕ್ಕೆಯ ಮೇಲ್ಮೈಯಲ್ಲಿ ಉಂಟಾಗುವ ಸೆಳೆತಕ್ಕೆ ಬಟ್ಟೆ ರಿಬ್ಬಿನಿಂದ ಮೇಲೆದ್ದು ಬುಗ್ಗೆಯಾಗುತ್ತದೆ, ರೆಕ್ಕೆಯ ಆಕಾರವೇ ಕೆಡುತ್ತದೆ. ಆದ್ದರಿಂದ ಪ್ರತಿ ರಿಬ್ಬಿನ ಗುಂಟ ಬಟ್ಟೆಯನ್ನು ರಿಬ್ಬಿಗೆ ಕಟ್ಟಿ ಬಿಗಿಯಬೇಕು. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಒಬ್ಬರು ಈ ಬದಿ, ಒಬ್ಬರು ಆ ಬದಿ ನಿಂತು, ಉದ್ದನೆಯ ಸೂಜಿಯಲ್ಲಿ ಮೇಣ ಸವರಿದ ದಾರ ಪೋಣಿಸಿ, ರಿಬ್ಬಿನ ಒತ್ತಿಗೇ ತೂರಿಸುತ್ತಾರೆ. ಆಚೆಯವರು ಸೂಜಿಯನ್ನು ಎಳೆದುಕೊಂಡು ರಿಬ್ಬಿನ ಇನ್ನೊಂದು ಮಗ್ಗುಲಿನಿಂದ ಹಿಂದಿರುಗಿಸುತ್ತಾರೆ. ಈಚೆಯವರು ದಾರವನ್ನು ಜಗ್ಗಿ ಗಂಟು ಹಾಕಿ, ಗಂಟು ಬಿಗಿಯಾದ ಮೇಲೆ ಮುಂದಿನ ಅಳತೆಗೆ ಹೋಗುತ್ತಾರೆ. ಒಂದು ಗಂಟು ಬಿಚ್ಚಿದರೂ ಪಕ್ಕದ್ದು ಬಿಚ್ಚದಂತೆ ಪ್ರತಿಯೊಂದೂ ತಾನೇ ನಿಲ್ಲುವ ಗಂಟಾಗಿರಬೇಕು. ಎಷ್ಟು ಅಂಗುಲಕ್ಕೊಂದು ಗಂಟು ಎಂಬುದನ್ನು ವಿಮಾನದ ಗರಿಷ್ಠ ವೇಗ ನಿರ್ಧರಿಸುತ್ತದೆ, ಮತ್ತು ಪ್ರೊಪೆಲ್ಲರಿನ ಗಾಳಿ ನೇರ ಬಡಿಯುವ ರಿಬ್ಬುಗಳಲ್ಲಿ ಗಂಟುಗಳು ಇನ್ನೂ ಹತ್ತಿರ ಬರುತ್ತವೆ. ಗಂಟಿನ ಸಾಲಿನ ಮೇಲೆ ಪಟ್ಟಿ ಅಂಟಿಸಿದ ನಂತರ ಹೊರಗಿನಿಂದ ಕಾಣುವುದು ಸಣ್ಣ ಉಬ್ಬುಗಳ ಸಾಲು ಮಾತ್ರ.

ಇನ್ನು ಬಣ್ಣ. ಹೊಳಪಿನ ಆಸೆಗೆ ಲೇಪದ ಮೇಲೆ ಲೇಪ ಬಳಿದು ಪ್ರದರ್ಶನದ ಬಹುಮಾನ ಗೆದ್ದ ವಿಮಾನಗಳು ಲೋಕದಲ್ಲಿ ಬಹಳ. ಆದರೆ ಲೆಕ್ಕ ನೋಡಿ: 612ರಲ್ಲಿ 395 ಕಳೆದರೆ ಉಳಿಯುವುದು 217 ಕಿಲೊ. ತಲಾ 75 ಕಿಲೊದ ಇಬ್ಬರು ಕುಳಿತರೆ ಮಿಕ್ಕದ್ದು 67 ಕಿಲೊ. ಇಂಧನ, ಸಾಮಾನು ಎಲ್ಲ ಅದರೊಳಗೆ ಬರಬೇಕು. ಬಣ್ಣದಲ್ಲಿ 5 ಕಿಲೊ ಹೆಚ್ಚಾದರೆ ಸುಮಾರು 7 ಲೀಟರ್ ಪೆಟ್ರೋಲು ಬಿಟ್ಟುಹೋಗಬೇಕಾಗುತ್ತದೆ. ಗಂಟೆಗೆ 20 ಲೀಟರ್ ಆಸುಪಾಸು ಕುಡಿಯುವ ಎಂಜಿನ್ನಿಗೆ ಅದು 20 ನಿಮಿಷದ ಹಾರಾಟ. ಬಾಲದ ಕಡೆ ಹೆಚ್ಚು ಬಳಿದರೆ ಗುರುತ್ವ ಕೇಂದ್ರವೂ ಹಿಂದೆ ಸರಿಯುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ವಿಮಾನವನ್ನು ಮೂರು ತಕ್ಕಡಿಗಳ ಮೇಲೆ ಮಟ್ಟಸವಾಗಿ ನಿಲ್ಲಿಸಿ ಹೊಸದಾಗಿ ತೂಗುವುದು ಇದಕ್ಕಾಗಿ.

ಎಂಜಿನ್ನಿನ ವಿಷಯದಲ್ಲಿ ಪುಷ್ಪಕ್ ಅದೃಷ್ಟಶಾಲಿ. ಕಾಂಟಿನೆಂಟಲ್ ಸಿ90-8ಎಫ್ ಎಂಬ ಈ ಎಂಜಿನ್ ನಾಲ್ಕು ಸಿಲಿಂಡರಿನದು, ಎರಡೆರಡು ಎದುರುಬದುರಾಗಿ ಮಲಗಿದಂತಿರುವಂಥದು, ಗಾಳಿಯಿಂದ ತಣಿಯುವಂಥದು, 3.3 ಲೀಟರ್ ಸಾಮರ್ಥ್ಯದ್ದು. ಸೆಸ್ನಾ 150 ವಿಮಾನದಲ್ಲಿ ಬಂದ ಒ-200 ಎಂಜಿನ್ ಇದರ ನೇರ ಸಂತಾನವಾದ್ದರಿಂದ ಅನೇಕ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಇದಕ್ಕೆ ಸ್ಟಾರ್ಟರ್ ಇಲ್ಲ. ಒಬ್ಬರು ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ಬೀಸಿ ಎಳೆಯಬೇಕು. ಆಗ ಮ್ಯಾಗ್ನೆಟೊದೊಳಗಿನ ಸ್ಪ್ರಿಂಗ್ ಕೊಂಡಿ ಚಟ್ಟನೆ ಬಿಟ್ಟುಕೊಂಡು ಕಿಡಿ ಹಾರಿಸುತ್ತದೆ. ಬ್ಯಾಟರಿಯ ಹಂಗಿಲ್ಲದೆ ಎರಡು ಮ್ಯಾಗ್ನೆಟೊಗಳು ಪ್ರತಿ ಸಿಲಿಂಡರಿಗೆ ಎರಡೆರಡು ಕಿಡಿ ಕೊಡುತ್ತವೆ, ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ.

ನಿಂತ ಎಂಜಿನ್ನನ್ನು ಆಗಾಗ ಕೈಯಿಂದ ತಿರುಗಿಸುತ್ತಿದ್ದರೆ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಹಾಗೆ ತಿರುಗಿಸಿದಾಗ ಸಿಲಿಂಡರಿನ ಗೋಡೆಯ ಮೇಲೆ ಉಳಿದಿದ್ದ ಅಲ್ಪಸ್ವಲ್ಪ ಎಣ್ಣೆಯೂ ಒರೆಸಿಹೋಗಿ ತುಕ್ಕಿಗೆ ದಾರಿಯಾಗುತ್ತದೆ. ಹತ್ತು ನಿಮಿಷ ನೆಲದ ಮೇಲೆಯೇ ಓಡಿಸಿ ನಿಲ್ಲಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಉರಿಯುವಾಗ ಹುಟ್ಟಿದ ನೀರಿನ ಆವಿ ಹೊರಹೋಗುವಷ್ಟು ಎಣ್ಣೆ ಕಾಯದೆ, ನೀರು ಒಳಗೇ ಉಳಿಯುತ್ತದೆ. ಹಾರಿಸುವುದಾದರೆ ಪೂರ್ತಿ ಹಾರಿಸಬೇಕು; ಇಲ್ಲವಾದರೆ ಸಂರಕ್ಷಕ ಎಣ್ಣೆ ಸಿಂಪಡಿಸಿ, ಸ್ಪಾರ್ಕ್ ಪ್ಲಗ್ಗುಗಳ ಜಾಗಕ್ಕೆ ತೇವ ಹೀರುವ ಹರಳು ತುಂಬಿದ ಪ್ಲಗ್ಗು ತಿರುಗಿಸಿ, ಎಲ್ಲ ಬಾಯಿಗಳನ್ನೂ ಮುಚ್ಚಬೇಕು. ಇಂಧನದಲ್ಲೊಂದು ತೊಡಕಿದೆ: ಈ ಎಂಜಿನ್ ರೂಪುಗೊಂಡದ್ದು 80 ಆಕ್ಟೇನಿನ, ಕಡಿಮೆ ಸೀಸದ ಪೆಟ್ರೋಲಿಗೆ. ಈಗ ಸಿಗುವ 100 ಎಲ್‌ಎಲ್ ಎಂಬ ವಿಮಾನ ಪೆಟ್ರೋಲಿನಲ್ಲಿ, ಹೆಸರಿಗೆ ಕಡಿಮೆ ಸೀಸವೆಂದಿದ್ದರೂ, ಆ ಹಳೆಯದರ ಹಲವು ಪಟ್ಟು ಸೀಸವಿದ್ದು ಸ್ಪಾರ್ಕ್ ಪ್ಲಗ್ಗಿನಲ್ಲಿ ಮಡ್ಡಿ ಕಟ್ಟುತ್ತದೆ. ಇಂಡಿಯನ್ ಆಯಿಲ್ 2022ರಲ್ಲಿ ಈ ಇಂಧನವನ್ನು ದೇಶದಲ್ಲಿಯೇ ತಯಾರಿಸಿ ಮಾರುಕಟ್ಟೆಗೆ ತಂದಿತು, ಅದಕ್ಕೆ ಮೊದಲು ಆಮದೇ ಗತಿಯಾಗಿತ್ತು.

ಕಾರ್ಬ್ಯುರೇಟರಿನ ಬಿಸಿಗಾಳಿಯ ಕವಾಟವನ್ನು ಸಣ್ಣ ಭಾಗವೆಂದು ಕಡೆಗಣಿಸುವಂತಿಲ್ಲ. ಪೆಟ್ರೋಲು ಆವಿಯಾಗುವಾಗ ಕಾರ್ಬ್ಯುರೇಟರಿನೊಳಗಿನ ಉಷ್ಣತೆ 20 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಹೊರಗೆ 22 ಡಿಗ್ರಿ, ಗಾಳಿ ತುಂಬ ತೇವ ಎಂಬ ಆಗಸ್ಟ್ ತಿಂಗಳ ಮಲೆನಾಡಿನ ಬೆಳಗಿನಲ್ಲಿ, ಹಿಮಾಲಯದ ಮಾತೇ ಇಲ್ಲದೆ, ಎಂಜಿನ್ನಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟಿ ಉಸಿರು ನಿಲ್ಲಿಸಬಹುದು. ಆ ಕವಾಟ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆಯೇ, ಅದಕ್ಕೆ ಬಿಸಿಗಾಳಿ ತರುವ ಕೊಳವೆ ತೂತಾಗಿಲ್ಲವೇ ಎಂದು ಕೈಹಾಕಿ ನೋಡಲೇಬೇಕು.

ಎಲ್ಲ ಮುಗಿದ ಮೇಲೆ ಹಾರಿಸಬೇಕೇ, ಅಥವಾ ನಿಲ್ಲಿಸಿ ತೋರಿಸಬೇಕೇ? ಭಾರತೀಯ ವಾಯುಪಡೆ ತನ್ನದೊಂದು ಟೈಗರ್ ಮಾತನ್ನು ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ 2012ರಲ್ಲಿ ವಾಯುಪಡೆ ದಿನದಂದು ಹಾರಿಸಿತು. ಅಂಥ ಸಂಸ್ಥೆಯ ಹಿಂದೆ ಹಣ, ಹ್ಯಾಂಗರು, ಎಂಜಿನಿಯರುಗಳು ಎಲ್ಲ ಇದ್ದಾರೆ. ಸಾಮಾನ್ಯರ ಗುಂಪೊಂದು ಮಾಡುವಾಗ ಮೂಲ ಸ್ಪಾರ್ ಇನ್ನೂ ಗಟ್ಟಿಯಿದ್ದು, ದಾಖಲೆ ಪೂರ್ತಿಯಿದ್ದು, ವರ್ಷವಿಡೀ ಒಣಗಿದ ಹ್ಯಾಂಗರು ಸಿಗುವುದಾದರೆ ಹಾರಿಸುವುದೇ ಸರಿ. ಈ ಮೂರರಲ್ಲಿ ಒಂದು ಇಲ್ಲವಾದರೂ ಹಾರಿಸಲೆಂದು ಅರ್ಧ ವಿಮಾನವನ್ನು ಹೊಸತು ಮಾಡುವ ಬದಲು, ಇದ್ದದ್ದನ್ನು ಇದ್ದಂತೆ ಶುಚಿಗೊಳಿಸಿ, ಒಂದು ರೆಕ್ಕೆಯನ್ನು ಬಟ್ಟೆಯಿಲ್ಲದೆ ತೆರೆದಿಟ್ಟು ಪ್ರದರ್ಶಿಸುವುದು ಮೇಲು ಎನ್ನುತ್ತೇನೆ. ಹಾಗೆ ತೆರೆದ ರೆಕ್ಕೆಯಿಂದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಕಲಿಯುವಷ್ಟನ್ನು ಮಿರಿಮಿರಿ ಬಣ್ಣದ ಪೂರ್ತಿ ವಿಮಾನ ಕಲಿಸಲಾರದು.

ಹಾರಿಸುವುದೇ ಆದರೆ, ಮೊದಲ ಹಾರಾಟದ ನಂತರವೂ ಪಟ್ಟಿ ಮುಗಿಯುವುದಿಲ್ಲ. ಮೊದಲ ಕೆಲವು ಗಂಟೆಗಳ ಹಾರಾಟದಲ್ಲಿ ನಿಯಂತ್ರಣದ ತಂತಿಗಳು ಹಿಗ್ಗುತ್ತವೆ, ಅವನ್ನು ಮತ್ತೆ ಬಿಗಿಗೊಳಿಸಬೇಕು. ಎಣ್ಣೆಯನ್ನು ಬೇಗನೆ ಬದಲಿಸಿ, ಅದರಲ್ಲಿ ಲೋಹದ ಚೂರು ಇದೆಯೇ ಎಂದು ಸೋಸಿ ನೋಡಬೇಕು. ಮರದ ಪ್ರೊಪೆಲ್ಲರ್ ಹಾಕಿದ್ದರೆ ಅದರ ಬೋಲ್ಟುಗಳ ಬಿಗಿತವನ್ನು ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆ ಏರುವ ಮುನ್ನ ಇನ್ನೊಮ್ಮೆ ಟಾರ್ಕ್ ಪಾನಾ ಹಾಕಿ ಅಳೆಯಬೇಕು. ಮಳೆಗಾಲದಲ್ಲಿ ಉಬ್ಬಿದ ಮರ ಬೋಲ್ಟಿನ ಕೆಳಗೆ ಅದುಮಿಹೋಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಆಗ ಬೋಲ್ಟು ಸಡಿಲವಾಗುತ್ತದೆ. ಅಳೆದ ಅಂಕಿಯನ್ನು ದಿನಾಂಕದೊಂದಿಗೆ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಮಾಡಿದ ನಂತರವೇ ವಿಮಾನವನ್ನು ಮತ್ತೆ ಹೊರಗೆ ತಳ್ಳುವುದು.